ಇನ್ನೂ ಬಾರದ ದಿನ ಬರೆದ ಪತ್ರ

"ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟ ಕುರಿ ಕಾಯೋ ಮಗನ ಕೈಯಾಗ ಕಂಪ್ಯೂಟರ್ ಕೊಟ್ರ ಇನ್ನೇನಾಕ್ಕೈತ್ರಿ? ಮಂದಿ ಮನಿ ಹೆಣ್ಮಕ್ಕಳ ಹೆಸರು ಕೆಡಸೋದ ಇವನ ಟೈಪಿಂಗು!"

ಸಿದ್ದಾರೂಢ ಗೌಡ ಹೀಗೆ ಕೂಗಿದಾಗ ನಮ್ಮ ಭೀಮಾ ಡಿ.ಟಿ.ಪಿ. ಸೆಂಟರಿನ ಮುಂದೆ ಝೆರಾಕ್ಸಿಗೆ ನಿಂತವರು ಒಂಬತ್ತು ಜನ. ಎಣಿಸಿದ್ದೆ. ಬೈಸಿಕೊಳ್ಳುವಾಗ ಮನುಷ್ಯ ಯಾಕೋ ಎಣಿಸುತ್ತಾನೆ. ಇಬ್ಬರು ನಕ್ಕರು. ಉಳಿದವರು ತಮ್ಮ ಕೈಯಲ್ಲಿದ್ದ ಪಹಣಿ, ರೇಷನ್ ಕಾರ್ಡು ನೋಡುತ್ತ ನಿಂತರು. ಜಾಗ ಬಿಟ್ಟು ಮಾತ್ರ ಒಬ್ಬರೂ ಕದಲಲಿಲ್ಲ.

ಗೌಡ ಒಂದು ಹಾಳೆಯನ್ನು ಕೌಂಟರಿನ ಮೇಲೆ ಬಡಿದ. ಅದರ ಪಕ್ಕ ಗೋಣಿತಟ್ಟಿನಲ್ಲಿ ಸುತ್ತಿದ್ದ ಇನ್ನೇನನ್ನೋ ಇಟ್ಟ. ತಟ್ಟಿನ ತುದಿಯಿಂದ ಕಬ್ಬು ಕಡಿಯುವ ಕೊಯ್ತಾದ ಮೂತಿ ಕಾಣುತ್ತಿತ್ತು. ಗೌಡನ ಊರಿರುವ ಆಲಮೇಲದ ಕಡೆ ಅದು ಇಲ್ಲದ ಮನೆಯಿಲ್ಲ. ಆದರೆ ಸಿಂದಗಿ ಪೇಟೆಗೆ, ಝೆರಾಕ್ಸ್ ಅಂಗಡಿಗೆ, ಯಾರು ತರುತ್ತಾರೆ?

"ನಾಲ್ಕರ ತನಕ ಟೈಮ್," ಅಂದ. "ಇದನ್ನ ಟೈಪ್ ಮಾಡಿದ ಬೆರಳು ಯಾರವು, ಗೊತ್ತಾಗಬೇಕು. ಗೊತ್ತಾಗಲಿಲ್ಲ ಅಂದ್ರ ನಿನ್ನವ ಅಂತ ತಿಳಕೊಂತೇನಿ, ಸಂಗ್ಯಾ."

ನನ್ನ ಬೆರಳು ಕೌಂಟರಿನ ಮೇಲೇ ಇದ್ದವು. ಹಿಂದಕ್ಕೆ ತೆಗೆದುಕೊಂಡೆ.

ಹಾಳೆಯಲ್ಲಿ ಇದ್ದದ್ದು ನಾಲ್ಕೇ ಸಾಲು. ಸಹಿ ಇಲ್ಲ. ಗೌಡನ ತಂಗಿ ದಾನೇಶ್ವರಿಗೆ ದೇವರ ಹಿಪ್ಪರಗಿಯಲ್ಲಿ ಗಂಡು ಗೊತ್ತಾಗಿತ್ತು. ಫೆಬ್ರುವರಿ ಐದರ ಮುಂಜಾನೆ ಗಂಡಿನ ಮನೆಯ ಬಾಗಿಲ ಸಂದಿಯಲ್ಲಿ ಈ ಹಾಳೆ ಸಿಕ್ಕಿತು. ಹುಡುಗಿ ಬೇರೆ ಒಬ್ಬನಿಗೆ ಮಾತು ಕೊಟ್ಟಿದ್ದಾಳೆ, ನೀವು ಮೋಸ ಹೋಗಬೇಡಿರಿ — ಅಷ್ಟೇ. ಸಾಕಾಯಿತು. ಸಂಬಂಧ ಮುರಿಯಿತು. ಹಾಳೆಯ ಎಡಗಡೆ ಉದ್ದಕ್ಕೂ ಕೂದಲಿನಷ್ಟು ಸಣ್ಣ ಕರಿ ಗೆರೆ. ನಮ್ಮ ಪ್ರಿಂಟರು ಎರಡು ತಿಂಗಳಿಂದ ಪ್ರತಿ ಹಾಳೆಗೂ ಅದೇ ಗೆರೆ ಎಳೆಯುತ್ತಿತ್ತು. ದಾನೇಶ್ವರಿ ನಮ್ಮಲ್ಲೇ ಎರಡು ತಿಂಗಳು ಟೈಪಿಂಗ್ ಕಲಿತಿದ್ದಳು. ಕುಳಿತಿದ್ದು ನನ್ನ ಪಕ್ಕದ ಕುರ್ಚಿಯಲ್ಲಿ. ಗೌಡನಿಗೆ ಇಷ್ಟು ಲೆಕ್ಕ ಸಾಕಿತ್ತು.

ರವಿವಾರವೇ ಬಂದು ಗದರಿಸಿ ಹೋಗಿದ್ದ. ಮಾಲಕ ಚನ್ನಬಸಯ್ಯ ಕೈಮುಗಿದು ಹೇಳಿದ್ದರು, "ನಾಳಿ ಸೋಮವಾರ, ನಮ್ಮ ಅಂಗಡಿ ಸೂಟಿ. ಮಂಗಳವಾರ ಬರ್ರಿ ಗೌಡ್ರ, ಎಲ್ಲಾರ ಮುಂದ ಕಂಪ್ಯೂಟರಿನ್ಯಾಗ ಹುಡುಕಿ ತೋರಸ್ತೇವಿ."

ಗೌಡ ಕೊಯ್ತಾ ತಂದದ್ದು ಆ ಮಂಗಳವಾರ. ೨೦೦೫ರ ಫೆಬ್ರುವರಿ ಹದಿನೈದು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದು ನಾನೇ ಬಟನ್ ಒತ್ತಿದೆ. ಕಂಪ್ಯೂಟರು ಎದ್ದಿತು. ಪಾಸ್‌ವರ್ಡ್ ಹಾಕಿದೆ. ಪರದೆ ಬಂತು — ಒಂದು ಗಳಿಗೆ. ಚಿತ್ರ ಹರಿದ ಹಾಗಾಯಿತು, ನೀಲಿ ಬಣ್ಣ ಮಿಂಚಿತು, ಕತ್ತಲೆ. ತಾನೇ ಮತ್ತೆ ಎದ್ದಿತು. ಮತ್ತೆ ಸತ್ತಿತು. ಎಷ್ಟು ಸಲ ಮಾಡಿದರೂ ಅದೇ.

ಪತ್ರ ಹುಡುಕಬೇಕಾದ ದಿನವೇ ಯಂತ್ರ ಸತ್ತಿದೆ. ಬಟನ್ ಒತ್ತಿದವನು ನಾನು. ಬೇರೆ ಸಾಕ್ಷಿ ಯಾರಿಗೆ ಬೇಕು?

"ಸರೀರಿ, ನಾ ನೋಡ್ತೇನಿ," ಅಂತ ಅಮಿತ ಮುಂದೆ ಬಂದ. ಅಮಿತ ನಮ್ಮ ಅಂಗಡಿಯ ದೊಡ್ಡ ಆಪರೇಟರು. ವಿಜಾಪುರದಲ್ಲಿ ಡಿಪ್ಲೊಮಾ ಮಾಡಿದವನು. ಗೌಡನಿಗೆ ಸೋದರತ್ತೆಯ ಮಗ ಕೂಡ; ವಯಸ್ಸಿನಲ್ಲಿ ದೊಡ್ಡವನೆಂದು ಅವನನ್ನು ಮಾವ ಅಂತಲೇ ಕರೆಯುತ್ತಿದ್ದ. ಆರಾಮಾಗಿ ಕುಳಿತು ಎಫ್ ಎಂಟು ಒತ್ತಿದ. ಯಂತ್ರ ಏಳುವ ಮೊದಲೇ ಅದನ್ನು ಒತ್ತಿದರೆ ಬಿಳಿ ಅಕ್ಷರದ ಪಟ್ಟಿ ಬರುತ್ತದೆ. ಕಡೇ ಸಲ ಸರಿಯಾಗಿ ನಡೆದಾಗಿನ ಸೆಟ್ಟಿಂಗ್ ತಾ ಎಂದು ಅದರಲ್ಲಿ ಕೇಳಬಹುದು.

"ಎರಡ ಮಿನಿಟ್ ಮಾವ, ಈಗ ಹೊಳ್ಳಿ ಬರ್ತೈತಿ ನೋಡು," ಅಂದ.

ಬರಲಿಲ್ಲ. ಅಮಿತ ಮತ್ತೆ ಒತ್ತಿದ. ಮೂರನೇ ಸಲಕ್ಕೆ ಅವನ ಕತ್ತಿನ ಮೇಲೆ ಬೆವರು ಕಂಡಿತು. ಎದ್ದು ನಿಂತವನೇ ನನ್ನ ಕಡೆ ಬೆರಳು ಮಾಡಿದ.

"ಇಂವ ಏನೋ ಮಾಡಿ ಇಟ್ಟಾನ್ರಿ. ಬೇಕಂತ ಕೆಡಿಸ್ಯಾನ."

ಚನ್ನಬಸಯ್ಯ ಇಂಡಿಗೆ ಫೋನು ಹಚ್ಚಿದರು. ಮೋದಿನಸಾಬರಿಗೆ.

*

ಮೋದಿನಸಾಬ ಹನ್ನೆರಡೂವರೆಯ ಬಸ್ಸಿಗೆ ಇಳಿದರು. ಐವತ್ತೈದರ ಮನುಷ್ಯ. ಮೊದಲು ರೇಡಿಯೊ, ಆಮೇಲೆ ಟಿವಿ, ಈಗ ಕಂಪ್ಯೂಟರು ರಿಪೇರಿ. ರೆಕ್ಸಿನ್ ಚೀಲದಲ್ಲಿ ಸ್ಕ್ರೂಡ್ರೈವರು, ಸಿಡಿ, ಒಂದು ಪೊಟ್ಟಣ ಶೇಂಗಾ. ಬಾಗಿಲ ಬೆಂಚಿನ ಮೇಲೆ ಗೌಡನ ಇಬ್ಬರು ಆಳುಗಳು ಕುಳಿತಿದ್ದರು. ಕೌಂಟರಿನ ಮೇಲಿನ ಗೋಣಿತಟ್ಟನ್ನು ಮೋದಿನಸಾಬ ಒಮ್ಮೆ ನೋಡಿದರು.

"ಇದೇನ್ರಿ ಗೌಡ್ರ, ಕಂಪ್ಯೂಟರ್ ಕಡಿಯಾಕ ತಂದೀರೇನು?"

"ನೀ ನಿನ್ನ ಕೆಲಸ ನೋಡು."

"ಅದ ನೋಡಾಕತ್ತೇನ್ರಿ."

ಅಮಿತ ಅಂದ, "ಚಾಚಾ, ನಾ ಎಲ್ಲಾ ನೋಡೇನಿ. ಕಡೇ ಸಲದ ಸೆಟ್ಟಿಂಗ್‌ಗೂ ಬರವಲ್ದು."

"ಬರವಲ್ದು — ಯಾಕ?"

"ಅದ ತಿಳೀವಲ್ದು."

ಮೋದಿನಸಾಬ ಅಮಿತನನ್ನು ನೋಡಲಿಲ್ಲ. ನನ್ನನ್ನು ನೋಡಿದರು. "ಏ ತಮ್ಮಾ, ಮುಂಜಾನೆ ಚಾಲೂ ಮಾಡಿದಾಂವ ನೀನ?"

"ಹೌದ್ರಿ."

"ಪಾಸ್‌ವರ್ಡ್ ಹಾಕಿ ಒಳಗ ಹೋದಿ?"

"ಹೋದೇನ್ರಿ. ಪರದೆ ಬಂತು, ಹೋತು."

"ನಿನಗಿಂತ ಮೊದಲ ಯಾರರ ಒಳಗ ಹೋಗಿದ್ರ?"

"ನನಗೇನ ಗೊತ್ರಿ? ನಿನ್ನಿ ಅಂಗಡಿ ಬಂದ್ ಇತ್ತು."

"ಕೀಲಿ ಯಾರ ಹತ್ರ ಅದಾವ?"

ಚನ್ನಬಸಯ್ಯ ಹೇಳಿದರು, "ಮೂರ ಅದಾವ್ರಿ. ನನ್ನ ಹತ್ರ ಒಂದು, ಅಮಿತನ ಹತ್ರ ಒಂದು, ಈ ಸಂಗುನ ಹತ್ರ ಒಂದು."

"ನಿನ್ನಿ ಯಾರ್ಯಾರು ಎಲ್ಲೆಲ್ಲಿದ್ರಿ?"

"ನಾ ಬಾಗೇವಾಡಿಗೆ ಹೋಗಿದ್ದೆ, ಬಸವಣ್ಣನ ಗುಡಿಗೆ," ಅಂದರು ಚನ್ನಬಸಯ್ಯ.

"ನಾ ಮುದ್ದೇಬಿಹಾಳಕ್ಕ, ಗೆಳ್ಯಾನ ಮನಿಗೆ," ಅಂದ ಅಮಿತ.

"ನಾ ನಮ್ಮ ಊರಾಗ್ರಿ. ಕುರಿ ಹಟ್ಟಿಯಾಗ," ಅಂದೆ.

ಅಮಿತ ನಕ್ಕ. "ಕುರಿ ಬಂದು ಸಾಕ್ಷಿ ಹೇಳ್ತಾವೇನೋ?"

ಬೆಂಚಿನ ಮೇಲಿದ್ದವರೂ ನಕ್ಕರು. ನನ್ನ ತಲೆಗೆ ರಕ್ತ ಏರಿತು. ಆದರೆ ಕಾಲು ತಣ್ಣಗಾಗಿದ್ದವು. ಸಿಟ್ಟು, ಅಂಜಿಕೆ ಎರಡೂ ಒಂದೇ ಮೈಯಲ್ಲಿ ಹೀಗೆ ಪಾಲು ಹಂಚಿಕೊಳ್ಳುತ್ತವೆ ಎಂದು ಆವತ್ತೇ ಗೊತ್ತಾದದ್ದು.

ಚನ್ನಬಸಯ್ಯ ಮೆಲ್ಲಗೆ ಅಂದರು, "ಸಾಬ್ರ, ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡಿಬಿಡ್ರಿ. ಹೊಸದಾಗಿ ಹಾಕ್ರಿ. ಈ ಜಂಜಾಟನ ಬ್ಯಾಡ."

ನಾನು ಬೆಚ್ಚಿಬಿದ್ದೆ. ಅಯ್ಯ ಯಾಕೆ ಅಳಿಸು ಅನ್ನುತ್ತಾರೆ?

"ಫಾರ್ಮ್ಯಾಟ್ ಅಂದ್ರ ಹೆಣಾ ಸುಟ್ಟ ಮ್ಯಾಲ ಹ್ಯಾಂಗ ಸತ್ತ ಅಂತ ಕೇಳಿದಂಗ ಅಯ್ಯನವ್ರ," ಅಂದರು ಮೋದಿನಸಾಬ. "ಮೊದಲ ಬದುಕಸೂನು."

ಕುಳಿತರು. ಎಫ್ ಎಂಟು ಒತ್ತಿದರು. ಪಟ್ಟಿಯಲ್ಲಿ ಸೇಫ್ ಮೋಡ್ ಆರಿಸಿದರು. ಅದರಲ್ಲಿ ಯಂತ್ರ ತೀರ ಬೇಕಾದಷ್ಟನ್ನೇ ಹಿಡಿದುಕೊಂಡು ಏಳುತ್ತದೆ. ಹೊಸದಾಗಿ ಹಾಕಿದ ಯಾವುದನ್ನೂ ಮುಟ್ಟುವುದಿಲ್ಲ. ಕರಿ ಪರದೆ. ನಾಲ್ಕೂ ಮೂಲೆಗೆ ಸಣ್ಣ ಅಕ್ಷರ. ಸತ್ತ ಯಂತ್ರ ಕಣ್ಣು ತೆರೆಯಿತು.

ಎಲ್ಲರೂ ಪರದೆಯ ಹತ್ತಿರ ಬಂದರು. ಗೌಡನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

ಮೋದಿನಸಾಬ ಮೌಸಿನ ಬಾಣವನ್ನು ಕೆಳಗಿನ ಮೂಲೆಯ ಗಡಿಯಾರದ ಮೇಲೆ ಒಯ್ದರು. ಸ್ವಲ್ಪ ಹೊತ್ತು ಅಲ್ಲೇ ಇಟ್ಟರು. ಅಲ್ಲಿ ಏನೋ ಸಣ್ಣದಾಗಿ ಮೂಡಿತು, ಹೋಯಿತು. ಅವರ ತಲೆ ಅಡ್ಡ ಇತ್ತು, ನಮಗೆ ಕಾಣಲಿಲ್ಲ.

"ಗಡಿಯಾರ ತಪ್ಪೈತಲ್ಲ," ಅಂದರು. "ಹಿಂಗ ಆದಾಗ ನೀವು ಹ್ಯಾಂಗ ಸರಿ ಮಾಡ್ತೀರಿ? ಹೇಳವಾ ತಂಗಿ."

ಕೇಳಿದ್ದು ಭಾಗ್ಯಜ್ಯೋತಿಯನ್ನು. ಅವಳು ನಮ್ಮಲ್ಲಿ ಅರ್ಜಿ ಟೈಪು ಮಾಡುವವಳು, ದಾನೇಶ್ವರಿಯ ಕ್ಲಾಸಿನವಳು. ಬೆಳಗಿನಿಂದ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಮೂಲ್ಯಾಗಿನ ಗಡಿಯಾರ ಎರಡ ಸಲ ಒತ್ತತೇನ್ರಿ. ಕ್ಯಾಲೆಂಡರ್ ಬರ್ತೈತಿ."

"ನೀನೋ ತಮ್ಮಾ?"

"ನಾನೂ ಹಂಗರಿ."

"ಅಯ್ಯನವ್ರ?"

"ನಾ ಅದನ್ನ ಮುಟ್ಟಂಗಿಲ್ರಿ. ಮುಂಜಾನೆ ಯಂತ್ರಕ್ಕ ವಿಭೂತಿ ಹಚ್ಚೂದಷ್ಟ ನಂದು."

ಅಮಿತ ಕೇಳುವ ಮೊದಲೇ ಹೇಳಿದ, "ಮೌಸ್ ಹಿಡಕೊಂಡ ಹುಡುಕೋದು ಸಣ್ಣ ಹುಡುಗರ ಕೆಲಸ. ಕಮಾಂಡ್ ಹೊಡಿಯೋ ಕರೀ ಕಿಟಕಿ ತಗದು ತಾರೀಖು ಹೊಡದ್ರ ಮುಗೀತು. ವಿಜಾಪುರದಾಗ ಮೊದಲನೇ ದಿನಾನ ಕಲಸ್ಯಾರ."

"ಶಾಣ್ಯಾ ಅದಿ," ಅಂದರು ಮೋದಿನಸಾಬ. ಒಂದು ಶೇಂಗಾ ಬಾಯಿಗೆ ಹಾಕಿಕೊಂಡರು.

ಆಮೇಲೆ ಸಿಸ್ಟಮ್ ರಿಸ್ಟೋರ್ ತೆರೆದರು. ಯಂತ್ರ ಆಗಾಗ ತನ್ನ ಸೆಟ್ಟಿಂಗ್‌ಗಳನ್ನು ತಾನೇ ನೆನಪಿಟ್ಟುಕೊಂಡಿರುತ್ತದೆ. ಹೊಸದೇನಾದರೂ ಹಾಕುವ ಮುಂಚೆಯೂ ಒಂದು ಗುರುತು ಮಾಡಿಕೊಳ್ಳುತ್ತದೆ. ಗುರುತು ಬಿದ್ದ ದಿನಗಳು ಕ್ಯಾಲೆಂಡರಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುತ್ತವೆ. ಯಾವ ದಿನ ಒತ್ತುತ್ತೀರೋ ಆ ದಿನದ ಹಾಗೆ ಯಂತ್ರ ತಿರುಗುತ್ತದೆ.

ಗೌಡ ಕೂಗಿದ, "ಹಳೇ ದಿನಕ್ಕ ಒಯ್ದ್ರ ಪತ್ರಾನೂ ಅಳಿಸಿ ಹೋಗೂದಿಲ್ಲೇನು?"

"ಇಲ್ರಿ. ಬರದದ್ದು ಇದ್ದಂಗ ಇರ್ತೈತಿ. ಯಂತ್ರದ ನಡತಿ ಅಷ್ಟ ಬದಲಾಕ್ಕೈತಿ."

ಕ್ಯಾಲೆಂಡರನ್ನು ಹಿಂದಕ್ಕೆ ಸರಿಸುತ್ತ ಮೋದಿನಸಾಬ ಒಂದು ಕಡೆ ನಿಂತರು. ಚೀಟಿಯ ಮೇಲೆ ಏನೋ ಬರೆದುಕೊಂಡು ಕಿಸೆಗೆ ಹಾಕಿದರು. ಇನ್ನೂ ಹಿಂದಕ್ಕೆ ಹೋಗಿ ಫೆಬ್ರುವರಿ ಹನ್ನೆರಡು, ಶನಿವಾರ, ಆರಿಸಿದರು.

"ಟೈಮ್ ಎಷ್ಟಾತು?"

"ಒಂದ ನಲವತ್ತು," ಅಂದೆ.

"ನಿಮ್ಮಲ್ಲಿ ಕರೆಂಟ್ ಯಾವಾಗ ಹೊಕ್ಕೈತಿ?"

"ಎರಡಕ್ಕ."

ಅವರ ಕೈ ನಿಂತಿತು. "ನಡುವ ಹೋತಂದ್ರ ಇದು ಮತ್ತ ಏಳೂದಿಲ್ಲ."

ಮೋದಿನಸಾಬ ಒತ್ತಿಬಿಟ್ಟರು. ಪರದೆಯ ಮೇಲೆ ಒಂದು ಪಟ್ಟಿ ಹಸಿರಾಗುತ್ತ ಸರಿಯತೊಡಗಿತು. ಇರುವೆಯೂ ಅದಕ್ಕಿಂತ ಜೋರು. ಬೆಂಚಿನಿಂದ ಒಬ್ಬ ಆಳು ಎದ್ದು ಬಂದು ಬಾಗಿಲು ಅರ್ಧ ಎಳೆದ. ಯಾಕೆ ಎಳೆದ ಎಂದು ಯಾರೂ ಕೇಳಲಿಲ್ಲ. ನನಗೆ ಮಾತ್ರ ತಿಳಿಯಿತು. ಝೆರಾಕ್ಸಿನವರು ಹೊರಗುಳಿದರು, ನಾನು ಒಳಗೆ.

ಒಂದು ಐವತ್ತೆರಡಕ್ಕೆ ಫ್ಯಾನು ನಿಂತಿತು. ಎಂಟು ನಿಮಿಷ ಮುಂಚೆಯೇ. ಯುಪಿಎಸ್ ಕೂಗತೊಡಗಿತು — ಟೀಂ, ಟೀಂ. ಅದರ ಬ್ಯಾಟರಿ ಹಳೆಯದು. ಹತ್ತು ನಿಮಿಷ ತಡೆದರೆ ಹೆಚ್ಚು.

ಪಟ್ಟಿ ಮುಕ್ಕಾಲು. ಟೀಂ, ಟೀಂ, ಟೀಂ. ಪರದೆ ಕತ್ತಲಾಯಿತು. ಭಾಗ್ಯಜ್ಯೋತಿ "ಅವ್ವಾ" ಅಂದಳು. ನಾನು ಕಣ್ಣು ಮುಚ್ಚಿದೆ.

"ತಗೀಯೋ ಕಣ್ಣ," ಅಂದರು ಮೋದಿನಸಾಬ.

ಸತ್ತಿರಲಿಲ್ಲ; ಕೆಲಸ ಮುಗಿಸಿ ಯಂತ್ರ ತಾನೇ ಹೊಸದಾಗಿ ಎದ್ದಿತ್ತು. ಹಸಿರು ಹುಲ್ಲಿನ ಆ ಹಳೆಯ ಚಿತ್ರ. ಹರಿಯಲಿಲ್ಲ, ನೀಲಿ ಮಿಂಚಲಿಲ್ಲ. ಮೋದಿನಸಾಬ ಮೊದಲು ಮೂಲೆಯ ಗಡಿಯಾರ ಒತ್ತಿ ಅವತ್ತಿನ ತಾರೀಖು ಸರಿಮಾಡಿದರು.

"ಮುಂದ ನಾ ಹುಡಕ್ತೇನಿ, ಸರೀರಿ ಚಾಚಾ," ಅಂತ ಅಮಿತ ಕುರ್ಚಿ ಎಳೆದುಕೊಂಡ.

ಹುಡುಕಲಿಲ್ಲ. ನೇರ ಹೋದ. ನೂರಾರು ಫೋಲ್ಡರುಗಳ ನಡುವೆ ನನ್ನ ಹೆಸರಿನದು, ಅದರಲ್ಲಿ 'ಹಳೇ ಅರ್ಜಿ', ಅದರೊಳಗೆ ಇನ್ನೊಂದು. ಅರ್ಧ ನಿಮಿಷವೂ ಆಗಲಿಲ್ಲ.

"ಇಲ್ಲಿ ಐತಿ ನೋಡು ಮಾವ!"

ಪತ್ರ ತೆರೆಯಿತು. ಅದೇ ನಾಲ್ಕು ಸಾಲು. ಮುಚ್ಚಿ ಹೆಸರಿನ ಪಕ್ಕ ಬೆರಳಿಟ್ಟು ತೋರಿಸಿದ — 4/2/2005, ಬೆಳಿಗ್ಗೆ 10.48.

"ನಾಲ್ಕನೇ ತಾರೀಖು, ಎರಡನೇ ತಿಂಗಳು. ಅವತ್ತು ನಾವೆಲ್ಲಾ ಹಲಸಂಗಿಗೆ ಅಯ್ಯನವ್ರ ಮಂದಿ ಲಗ್ನಕ್ಕ ಹೋಗಿದ್ವಿ. ಅಂಗಡ್ಯಾಗ ಇದ್ದಾಂವ ಇಂವ ಒಬ್ಬನ."

ನಿಜ. ಅವತ್ತು ಇಡೀ ದಿನ ಅಂಗಡಿಯಲ್ಲಿ ನಾನೊಬ್ಬನೇ. ಪತ್ರ ಸಿಕ್ಕಿದ್ದು ಮರುದಿನ ಮುಂಜಾನೆ. ನಾನೇ ಬರೆದೆನೇನೋ ಎಂದು ಒಂದು ಕ್ಷಣ ನನಗೇ ಅನ್ನಿಸಿತು. ಯಂತ್ರ ಸುಳ್ಳು ಹೇಳುತ್ತದೆಯೇ?

ಗೌಡ ನನ್ನ ಬಲಗೈ ಮಣಿಕಟ್ಟು ಹಿಡಿದು ಕೌಂಟರಿನ ಮೇಲೆ ಒತ್ತಿದ. ಆಳು ಗೋಣಿತಟ್ಟು ಬಿಚ್ಚತೊಡಗಿದ. ಚನ್ನಬಸಯ್ಯ ಗೋಡೆ ಕಡೆ ತಿರುಗಿದರು.

"ನಾ ಬರದಿಲ್ರಿ! ಬಸವಣ್ಣನಾಣಿ ನಾ ಬರದಿಲ್ರಿ!"

"ಗೌಡ್ರ," ಅಂದರು ಮೋದಿನಸಾಬ. ಎದ್ದೂ ಇರಲಿಲ್ಲ. "ಬ್ಯಾಟರಿ ಹೊಕ್ಕೈತಿ. ಕೈ ಎಲ್ಲೂ ಓಡಿ ಹೋಗೂದಿಲ್ಲ. ಮೊದಲ ನಂದೊಂದ ಪ್ರಶ್ನಿ ಐತಿ. ಅಮಿತಾ, ಇವತ್ತ ತಾರೀಖು ಎಷ್ಟು?"

"ಹದಿನೈದು."

"ಒಂದು ಹೊಸ ಫೈಲ್ ಮಾಡು. ಏನೂ ಬರೀಬ್ಯಾಡ. ಉಳಸು. ಈಗ ಅದರ ಪಕ್ಕ ತಾರೀಖು ಓದು. ಜೋರಲೆ ಓದು."

ಅಮಿತ ಓದಲಿಲ್ಲ. ಓದಿದವಳು ಭಾಗ್ಯಜ್ಯೋತಿ. "ಎರಡು... ಹದಿನೈದು... ಎರಡ ಸಾವಿರದ ಐದು."

"ಗೌಡ್ರ, ಹದಿನೈದನೇ ತಿಂಗಳು ಯಾವುದ್ರಿ?"

ಗೌಡನ ಹಿಡಿತ ಸಡಿಲಾಗಲಿಲ್ಲ. ಆದರೆ ತಿರುಗಿ ನೋಡಿದ.

"ಈ ಯಂತ್ರ ನಮ್ಮಂಗ ಬರಿಯೂದಿಲ್ರಿ. ಮೊದಲ ತಿಂಗಳಾ, ಆಮ್ಯಾಲ ದಿನಾ. ಇಷ್ಟ ವರ್ಷ ನೀವ್ಯಾರೂ ಅದನ್ನ ಲಕ್ಷ್ಯ ಕೊಟ್ಟು ನೋಡಿಲ್ಲ. ಹಂಗಾರ ಪತ್ರದ ತಾರೀಖು ಯಾವುದು? ನಾಲ್ಕನೇ ತಿಂಗಳು, ಎರಡನೇ ದಿನ. ಏಪ್ರಿಲ್ ಎರಡು." ಅದೇ ತಾರೀಖು ಬರೆದುಕೊಂಡಿದ್ದ ಕಿಸೆಯ ಚೀಟಿ ತೆಗೆದು ಕೌಂಟರಿನ ಮೇಲಿಟ್ಟರು. "ಈಗ ಫೆಬ್ರುವರಿ. ಏಪ್ರಿಲ್ ಎರಡು ಇನ್ನೂ ಬಂದ ಇಲ್ಲ. ಈ ಪತ್ರ ಇನ್ನೂ ಬರಲಾರದ ದಿನ ಬರದದ್ದು!"

ಯುಪಿಎಸ್ ಒಂದೇ ಕೂಗುತ್ತಿತ್ತು.

"ನಾ ಇದನ್ನ ರಿಸ್ಟೋರ್ ಕ್ಯಾಲೆಂಡರಿನ್ಯಾಗ ಕಂಡೆ. ಅಲ್ಲಿ ತಿಂಗಳು ಅಕ್ಷರದಾಗ ಬರ್ತೈತಿ, ತಪ್ಪು ಓದಾಕ ಆಗೂದಿಲ್ಲ. ಏಪ್ರಿಲ್ ಎರಡಕ್ಕ ದಪ್ಪ ಗುರುತು. ಅವತ್ತು ಪರದೆ ನಡಸೋ ಒಂದು ಪ್ರೋಗ್ರಾಮು ಹಾಕ್ಯಾರ, ಈ ಯಂತ್ರಕ್ಕ ಹೊಂದಲಾರದ್ದು. ಮೂಲೆಯ ಗಡಿಯಾರಾನೂ ಏಪ್ರಿಲ್ ಮೂರು ಅಂತ ತೋರಸಾಕತ್ತಿತ್ತು. ಅಂದ್ರ ಗಡಿಯಾರ ತಿರುಗಿಸಿ ಎಷ್ಟು ಹೊತ್ತಾತು? ಒಂದ ದಿನ. ನಿನ್ನಿ ಸೋಮವಾರ, ಬಾಗಲಾ ಹಾಕಿದ ಅಂಗಡ್ಯಾಗ. ಮೊದಲಿನ ಪತ್ರದ ಗುರ್ತು ಅಳಿಸಿ, ಇದನ್ನ ನಿನ್ನಿ ಹೊಸದಾಗಿ ಹೊಡದು ಹಳೇ ತಾರೀಖು ಹಚ್ಚಾಕ ನೋಡ್ಯಾರ."

"ಇವನ ಮಾಡಿರಬೇಕು! ಇವನ ಹತ್ರನೂ ಕೀಲಿ ಐತಿ!" ಅಮಿತ ಕೂಗಿದ.

"ತನ್ನ ಕುತ್ತಿಗಿಗೆ ತಾನ ಸಾಕ್ಷಿ ಹುಟ್ಟಸಾಕ?" ಮೋದಿನಸಾಬ ಈಗ ಎದ್ದರು. "ಇರಲಿ. ಗಡಿಯಾರ ಹ್ಯಾಂಗ ತಿರುಗಸ್ತೀರಿ ಅಂತ ಕೇಳಿದ್ದೆ. ಈ ತಮ್ಮ, ಈ ತಂಗಿ ಮೂಲ್ಯಾಗ ಒತ್ತತಾರ. ಅಲ್ಲಿ ಫೆಬ್ರುವರಿ ಅಂತ ಹೆಸರ ಕಾಣ್ತೈತಿ. ಫೆಬ್ರುವರಿ ನಾಲ್ಕು ಬೇಕಂದ್ರ ಅದ ಸಿಗ್ತೈತಿ. ಏಪ್ರಿಲ್ ಆಗಬೇಕಂದ್ರ ಬರೇ ಅಂಕಿ ಹೊಡದಿರಬೇಕು. ಕರೀ ಕಿಟಕಿಯಾಗ. ಅದು ತಿಂಗಳಾ ಮೊದಲ ಕೇಳ್ತೈತಿ. ನಮ್ಮ ಕೈ ದಿನಾ ಮೊದಲ ಹೊಡೀತೈತಿ. ಸೊನ್ನೆ ನಾಲ್ಕು, ಸೊನ್ನೆ ಎರಡು. ಹೊಡದು ನೋಡಿದ್ರ ಫೈಲಿನ ಪಕ್ಕ 4/2 ಅಂತ ಚಂದಾಗಿ ಬಂದೈತಿ. ಸಂಶಯ ಎಲ್ಲಿಂದ ಬರಬೇಕು?"

ಅಮಿತ ತುಟಿ ಒದ್ದೆ ಮಾಡಿಕೊಂಡ.

"ಯಂತ್ರ ಕೆಡಿಸಿದಾಂವ ಸರಿ ಮಾಡಾಂವನೂ ತಾನ ಆಗಬೇಕಂತ ಇದ್ದ. ಇವತ್ತ ಎಲ್ಲಾರ ಮುಂದ ಎಫ್ ಎಂಟು ಒತ್ತಿ, ಕಡೇ ಸಲದ ಸೆಟ್ಟಿಂಗ್ ತಂದು, ಪತ್ರ ಹುಡುಕಿ, ದೊಡ್ಡ ಮನುಷ್ಯಾ ಅನಿಸ್ಕೊಳ್ಳಾಂವ. ಆದ್ರ ಒಂದು ಮರತ. ಕಡೇ ಸಲದ ಸೆಟ್ಟಿಂಗ್ ಅನ್ನೂದು ಪಾಸ್‌ವರ್ಡ್ ಹಾಕಿ ಒಳಗ ಹೋಗೂ ತನಕ ಅಷ್ಟ. ಒಳಗ ಹೋದಿ ಅಂದ್ರ ಯಂತ್ರ 'ಇದ ಸರಿ' ಅಂತ ಹಳೇದರ ಮ್ಯಾಲ ಹೊಸ ಠಸೆ ಒತ್ತತೈತಿ. ಇವತ್ತ ಈ ತಮ್ಮ ಒಳಗ ಹೋಗೂದಕ್ಕಿಂತ ಮೊದಲ, ಕೆಟ್ಟೈತೋ ಇಲ್ಲೋ ಅಂತ ನಿನ್ನಿ ನೀನ ಒಳಗ ಹೊಕ್ಕು ನೋಡಿದಿ, ಅಮಿತಾ. ಅಲ್ಲಿಗೆ ನಿನ್ನ ಬಾಗಲಾ ನೀನ ಹಾಕಿದಿ. ಗಡಿಯಾರ ವಾಪಸ್ ತಿರುಗಸಾಕೂ ಯಂತ್ರ ನಿನಗ ಟೈಮ್ ಕೊಡಲಿಲ್ಲ. ಇನ್ನ ಇಷ್ಟ ಫೋಲ್ಡರಿನ್ಯಾಗ ಅರ್ಧ ಮಿನಿಟಿನ್ಯಾಗ ಪತ್ರ ಹ್ಯಾಂಗ ಸಿಕ್ತು, ಅದನ್ನ ನಾ ಹೇಳಬೇಕೇನು?"

ಗೌಡ ನನ್ನ ಕೈ ಬಿಟ್ಟ. "ಅಮ್ಯಾ?"

ಅಮಿತ ಕುರ್ಚಿಯಲ್ಲೇ ಕುಸಿದ. ಅಳತೊಡಗಿದ. "ಅತ್ತಿ ಮಗಾ ನಾ ಇರಾಕ ಹೊರಗಿನವರಿಗೆ ಯಾಕ ಕೊಟ್ರಿ ಮಾವ? ಸಣ್ಣಾಂವ ಇದ್ದಾಗಿಂದ ದಾನಿ ನಿನಗ, ದಾನಿ ನಿನಗ ಅಂತ ಆಡಸ್ಕೊಂತ ಬಂದವರು ನೀವ ಅಲ್ಲೇನು? ಲಗ್ನ ಮುರದ್ರ ಹೊಳ್ಳಿ ನನ್ನ ಕಡೆ ಬರ್ತೀರಿ ಅಂತ..."

"ಮತ್ತ ಸಂಗುನ ಹೆಸರ ಯಾಕ ತಂದಿ?" ಕೇಳಿದವಳು ಭಾಗ್ಯಜ್ಯೋತಿ. ಬೇರೆ ಯಾರಿಗೂ ಅದು ಹೊಳೆದಿರಲಿಲ್ಲ.

ಅಮಿತ ಅವಳ ಕಡೆ ನೋಡಲೂ ಇಲ್ಲ. "ಇವನ ಸಲುವಾಗಿ ಯಾರು ಕೇಳ್ತಾರ?" ಅಂದ.

ಯುಪಿಎಸ್ ಕಡೆಯ ಸಲ ಕೂಗಿ ಸುಮ್ಮನಾಯಿತು. ಪರದೆ ಆರಿತು.

ಈಗ ಗೌಡನ ಕೈ ಅವನ ಕತ್ತಿಗೆ ಹೋಗುತ್ತದೆ ಎಂದುಕೊಂಡೆ. ಹೋಯಿತು — ಹೆಗಲ ಮೇಲೆ. ಅಮಿತನನ್ನು ಎಬ್ಬಿಸಿದ. ಆಳುಗಳಿಗೆ ಜೀಪು ತರಲು ಸನ್ನೆ ಮಾಡಿದ.

"ಮನೀ ವಿಷಯ ಇದು," ಅಂದ. "ಮನ್ಯಾಗ ಕುಂತು ಬಗಿಹರಿಸ್ಕೊಂತೇವಿ. ಅಯ್ಯನವ್ರ, ಇಲ್ಲಿ ಆಡಿದ್ದು ಇಲ್ಲೇ ಇರಲಿ. ನಮ್ಮ ಹುಡುಗನ ಹೆಸರು ಪ್ಯಾಟ್ಯಾಗ ಬರಬಾರದು."

"ಆತ್ರಿ ಗೌಡ್ರ, ಆತ್ರಿ," ಅಂದರು ಚನ್ನಬಸಯ್ಯ. ನನಗೆ ಈಗ ತಿಳಿಯಿತು, ಅಯ್ಯ ಎಲ್ಲಾ ಅಳಿಸಿಬಿಡಿ ಅಂದದ್ದು ಯಾಕೆಂದು. ಅವರಿಗೆ ಯಾರು ತಪ್ಪಿತಸ್ಥ ಎನ್ನುವುದು ಬೇಕಿರಲೇ ಇಲ್ಲ.

ಮೋದಿನಸಾಬ ಸಿಡಿಗಳನ್ನು ಚೀಲಕ್ಕೆ ಹಾಕುತ್ತಿದ್ದರು. "ಗೌಡ್ರ, ಹುಡುಗನ ಕೈ ನೋಡ್ರಿ. ನಿಮ್ಮ ಬೆರಳ ಗುರ್ತು ಮೂಡ್ಯಾವ."

ಗೌಡ ನೋಡಿದ. ಆಮೇಲೆ ಬಾಗಿಲು ಪೂರಾ ತೆಗೆದ. ಹೊರಗೆ ಮಂದಿ ಇನ್ನೂ ನಿಂತಿದ್ದರು. ಆಗ ಅವನ ಮುಖದ ಮೇಲೆ ನಗು ಬಂತು.

"ಸಂಗ್ಯಾ, ಸಿಟ್ಟಿನ ಭರದಾಗ ಒಂದ ಮಾತು ಹೋತು. ಮನಸಿನ್ಯಾಗ ಇಟ್ಕೋಬ್ಯಾಡ. ನಾಳಿ ನಾ ಹಿಪ್ಪರಗಿಗೆ ಹೋಗಿ ಬೀಗರ ಜೋಡಿ ಮಾತಾಡ್ತೇನಿ. ಕೂಡಿ ಬಂದ್ರ ಲಗ್ನಪತ್ರಿಕಿ ನೀನ ಮಾಡಿಕೊಡು. ನೀ ಮಾತ್ರ ಯಾರ ಮುಂದೂ ಬಾಯಿ ಬಿಡಬಾರದು ಮತ್ತ. ಏನಂತಿ?"

ಮಂದಿ ನನ್ನ ಬಾಯಿ ನೋಡುತ್ತಿದ್ದರು. ಭಾಗ್ಯಜ್ಯೋತಿ ನೋಡುತ್ತಿದ್ದಳು. ಚನ್ನಬಸಯ್ಯ ಹೂಂ ಅನ್ನು ಎಂದು ಕಣ್ಣಲ್ಲೇ ಬೇಡುತ್ತಿದ್ದರು.

"ಏ, ನಿನಗ ಕೇಳಾಕತ್ತೇನಿ. ಏನಂತಿ?"

ಚಪ್ಪಲಿ ಹಾಕಿಕೊಂಡೆ. ಜೀಪಿಗೂ ಗೋಡೆಗೂ ನಡುವೆ ಒಬ್ಬ ಹೋಗುವಷ್ಟು ಸಂದಿ ಇತ್ತು. ಅದರಲ್ಲಿ ಹಾದು ಬಸ್ ನಿಲ್ದಾಣದ ಕಡೆ ನಡೆದೆ. ಹಿಂದಿನಿಂದ ಇನ್ನೊಮ್ಮೆ ನನ್ನ ಹೆಸರು ಕೇಳಿಸಿತು. ನಿಲ್ಲಲಿಲ್ಲ.